ಗ್ಲೌಸ್ ಬಿಚ್ಚಿ, ಕೈ ತೊಳೆದು, ಮುಂದಿನ ರೂಮಿಗೆ

ಕ್ಯಾಲಿಫೋರ್ನಿಯಾದಲ್ಲಿ ಸಿಎನ್‌ಎ, ಅಂದರೆ ಸರ್ಟಿಫೈಡ್ ನರ್ಸ್ ಅಸಿಸ್ಟೆಂಟ್ ಆಗಬೇಕಾದರೆ 160 ಗಂಟೆ ತರಬೇತಿ ಮುಗಿಸಬೇಕು. 60 ಗಂಟೆ ಕ್ಲಾಸು, 100 ಗಂಟೆ ನರ್ಸಿಂಗ್ ಹೋಂನಲ್ಲಿ ಕೈಯಾರೆ ಮಾಡುವ ಕೆಲಸ. ಇಲ್ಲಿನ ನರ್ಸಿಂಗ್ ಹೋಂ ನಮ್ಮೂರಿನ ಹಾಗೆ ಹೆರಿಗೆ, ಆಪರೇಷನ್ ಮಾಡುವ ಸಣ್ಣ ಆಸ್ಪತ್ರೆಯಲ್ಲ. ತಮ್ಮ ಕೆಲಸ ತಾವು ಮಾಡಿಕೊಳ್ಳಲಾಗದ ವಯಸ್ಸಾದವರು ತಿಂಗಳುಗಟ್ಟಲೆ, ಕೆಲವರು ವರ್ಷಗಟ್ಟಲೆ ಇರುವ ಜಾಗ. ಅವರಿಗೆ ಸ್ನಾನ ಮಾಡಿಸುವುದು, ಬಟ್ಟೆ ಹಾಕುವುದು, ಊಟ ಮಾಡಿಸುವುದು, ಟಾಯ್ಲೆಟ್ಟಿಗೆ ಕರೆದುಕೊಂಡು ಹೋಗುವುದು, ಡೈಪರ್ ಬದಲಿಸುವುದು, ಮಗ್ಗುಲು ತಿರುಗಿಸುವುದು, ಇದೆಲ್ಲ ನಮ್ಮ ಕೆಲಸ. ಡಾಕ್ಟರ್ ಆಗಾಗ ಬಂದು ನೋಡಿ ಹೋಗುತ್ತಾರೆ. ನರ್ಸ್ ಮಾತ್ರೆ ಕೊಟ್ಟು ಮುಂದಿನ ರೂಮಿಗೆ ಹೋಗುತ್ತಾರೆ. ಬೆಳಗಿನಿಂದ ಸಂಜೆವರೆಗೆ ಆ ಮೈಯನ್ನು ಮುಟ್ಟುತ್ತಲೇ ಇರುವವರು ನಾವು. ಹಾಗಾಗಿ ಅಲ್ಲಿ ಸೋಂಕು ಹರಡುವುದೂ ನಿಲ್ಲುವುದೂ ಬಹಳ ಮಟ್ಟಿಗೆ ನಮ್ಮ ಕೈಯಲ್ಲಿದೆ. ತರಬೇತಿಯಲ್ಲಿ ನಾನು ಕಲಿತ ದೊಡ್ಡ ವಿಷಯ ಇದೇ. ಆ ಕೈ ತೊಳೆಯಲು ನಮಗೆ ಸಮಯ ಸಿಗುತ್ತದಾ ಅನ್ನುವುದು ಆಮೇಲೆ ಎದ್ದ ಪ್ರಶ್ನೆ.

ನಾನು ತುಮಕೂರಿನಲ್ಲಿ ಬಿ.ಕಾಂ. ಓದಿದವಳು. ಗಂಡನ ಕೆಲಸದ ನೆಪದಲ್ಲಿ ಇಲ್ಲಿಗೆ ಬಂದೆ. ನನಗೂ ಕೆಲಸದ ಪರ್ಮಿಟ್ ಬಂದ ಮೇಲೆ ಹತ್ತಿರದ ಅಡಲ್ಟ್ ಸ್ಕೂಲಿನಲ್ಲಿ, ಅಂದರೆ ದೊಡ್ಡವರಿಗೆ ಕಲಿಸುವ ಶಾಲೆಯಲ್ಲಿ, ಈ ಕೋರ್ಸ್ ಇದೆ ಅಂತ ಗೊತ್ತಾಯಿತು, ಸೇರಿದೆ. "ಅಷ್ಟು ಓದಿ ಆಯಾ ಕೆಲಸಕ್ಕೆ ಹೋಗ್ತೀಯೇನೇ?" ಅಂತ ಚಿಕ್ಕಮ್ಮ ಫೋನಿನಲ್ಲಿ ಬೇಜಾರು ಮಾಡಿಕೊಂಡರು. ಅವರ ಮೇಲೆ ನನಗೆ ಕೋಪವಿಲ್ಲ. ಆದರೆ ಹಾಸಿಗೆ ಹಿಡಿದವರ ಮೈ ತೊಳೆಯುವುದನ್ನು ಕೀಳು ಕೆಲಸ ಅಂದುಕೊಂಡಿರುವ ತನಕ, ಆ ಕೆಲಸವನ್ನು ಯಾರೂ ಸರಿಯಾಗಿ ಕಲಿಸುವುದೂ ಇಲ್ಲ, ಕಲಿಯುವುದೂ ಇಲ್ಲ.

ಮೊದಲು ಟಿಬಿ ಟೆಸ್ಟ್. ನಮ್ಮ ಕಡೆಯಿಂದ ಬಂದವರಿಗೆ ಇದು ಗೊಂದಲ ಹುಟ್ಟಿಸುವ ವಿಷಯ, ಅದಕ್ಕೆ ಬಿಡಿಸಿ ಹೇಳುತ್ತೇನೆ. ಮುಂಗೈಯ ಒಳಬದಿಯಲ್ಲಿ ಚರ್ಮದೊಳಕ್ಕೆ ಚೂರೇ ಚೂರು ಔಷಧ ಚುಚ್ಚುತ್ತಾರೆ. 48ರಿಂದ 72 ಗಂಟೆಯೊಳಗೆ ಮತ್ತೆ ಹೋಗಿ ತೋರಿಸಬೇಕು. ಕೆಂಪಾಗಿದ್ದರೆ ಲೆಕ್ಕಕ್ಕಿಲ್ಲ, ಗಟ್ಟಿಯಾಗಿ ಉಬ್ಬಿರುವ ಜಾಗವನ್ನು ಮಾತ್ರ ಅಳೆಯುತ್ತಾರೆ. ನಮ್ಮಲ್ಲಿ ಮಗು ಹುಟ್ಟಿದಾಗ ಬಿಸಿಜಿ ಹಾಕಿಸುತ್ತಾರಲ್ಲ, ತೋಳಿನ ಮೇಲೆ ಅದರ ಕಲೆ ಉಳಿದಿರುತ್ತದಲ್ಲ, ಆ ಲಸಿಕೆಯಿಂದಾಗಿ ಟಿಬಿ ಇಲ್ಲದವರಿಗೂ ಹೀಗೆ ಉಬ್ಬಬಹುದು. ನನಗೂ ಉಬ್ಬಿತು. ಎರಡು ದಿನ ನಿದ್ದೆ ಸರಿಯಾಗಿ ಬರಲಿಲ್ಲ. ಬಿಸಿಜಿ ಹಾಕಿಸಿಕೊಂಡಿದ್ದರೂ ಏರುಪೇರಾಗದ ರಕ್ತ ಪರೀಕ್ಷೆ ಒಂದಿದೆ, ಕ್ವಾಂಟಿಫೆರಾನ್ ಅಂತ. ಅದನ್ನು ಮಾಡಿಸಿದಾಗ ನೆಗೆಟಿವ್ ಬಂತು. ನೀವು ಈ ಕೋರ್ಸಿಗೆ ಸೇರುವುದಾದರೆ ಮೊದಲೇ ಆ ರಕ್ತ ಪರೀಕ್ಷೆ ಮಾಡಿಸಬಹುದಾ ಅಂತ ಕೇಳಿ. ಬೆರಳಚ್ಚು ಕೊಡುವುದು, ಅರ್ಜಿ ತುಂಬುವುದು ಇವೆಲ್ಲ ಸಲೀಸಾಗಿ ಮುಗಿಯುತ್ತವೆ.

ಅಮೆರಿಕದಲ್ಲಿ ಈ ತರಬೇತಿ ಮೊದಲಿನಿಂದ ಇದ್ದದ್ದಲ್ಲ. ನರ್ಸಿಂಗ್ ಹೋಂಗಳ ಸ್ಥಿತಿ ಸುಧಾರಿಸಬೇಕು ಅಂತ 1987ರಲ್ಲಿ ಕೇಂದ್ರ ಸರಕಾರ ಒಂದು ಕಾನೂನು ತಂದಿತು. ಅದರ ಪ್ರಕಾರ ದೇಶದ ಯಾವ ಮೂಲೆಯಲ್ಲೇ ಆಗಲಿ ಕನಿಷ್ಠ 75 ಗಂಟೆ ತರಬೇತಿ ಬೇಕೇ ಬೇಕು. ಕ್ಯಾಲಿಫೋರ್ನಿಯಾ ಅದರ ಎರಡರಷ್ಟಕ್ಕಿಂತ ಜಾಸ್ತಿ ಕೇಳುತ್ತದೆ. ಆ ಕಾನೂನಿನಲ್ಲಿ ನನಗೆ ಇಷ್ಟವಾದ ಮಾತು ಇನ್ನೊಂದಿದೆ. ಅಲ್ಲಿ ವಾಸವಾಗಿರುವ ಒಬ್ಬರನ್ನಾದರೂ ಮುಟ್ಟುವ ಮುಂಚೆ 16 ಗಂಟೆ ಪಾಠ ಆಗಿರಲೇಬೇಕು. ಮಾತಾಡುವ ರೀತಿ, ಸೋಂಕು ತಡೆ, ತುರ್ತು ಸಮಯದಲ್ಲಿ ಏನು ಮಾಡಬೇಕು, ಅವರಿಂದಾಗುವುದನ್ನು ಅವರೇ ಮಾಡಿಕೊಳ್ಳಲು ಬಿಡುವುದು, ಅವರ ಹಕ್ಕುಗಳು. ಮುಟ್ಟುವ ಮೊದಲೇ ಇದೆಲ್ಲ ತಲೆಗೆ ಹೋಗಬೇಕು ಅನ್ನುವುದು ಎಷ್ಟು ಸರಿ ಅಲ್ವಾ?

ನಮಗೆ ಪಾಠ ಮಾಡಿದ ಮೇಡಂ ಫಿಲಿಪೀನ್ಸ್ ಮೂಲದವರು, ತುಂಬಾ ವರ್ಷ ನರ್ಸಿಂಗ್ ಹೋಂನಲ್ಲೇ ನರ್ಸ್ ಆಗಿದ್ದವರು. ಸೋಂಕಿನ ಪಾಠದ ದಿನ ಎಲ್ಲರ ಕೈಗೂ ಒಂದು ಲೋಷನ್ ಹಾಕಿ, ಹೋಗಿ ತೊಳೆದುಕೊಂಡು ಬನ್ನಿ ಅಂದರು. ಬಂದ ಮೇಲೆ ದೀಪ ಆರಿಸಿ ನೇರಳೆ ಬೆಳಕಿನ ಟಾರ್ಚ್ ಹಿಡಿದರು. ತೊಳೆಯದೆ ಬಿಟ್ಟ ಕಡೆಯೆಲ್ಲ ಲೋಷನ್ ಹೊಳೆಯುತ್ತಿತ್ತು. ಅಂಗೈ ಎಲ್ಲರದ್ದೂ ಶುದ್ಧ. ಆದರೆ ಹೆಬ್ಬೆರಳ ಬುಡ, ಉಗುರಿನ ಅಂಚು, ಬೆರಳ ಸಂದು, ಉಂಗುರದ ಅಡಿ, ಇಲ್ಲೆಲ್ಲ ಬೆಳಕು. ಬಳೆ ಹಾಕಿದ್ದವರ ಮಣಿಕಟ್ಟಿನ ಸುತ್ತ ಒಂದು ಗೆರೆಯೇ ಹೊಳೆಯುತ್ತಿತ್ತು. ಆವತ್ತೇ ನಾನು ಬಳೆ ಬಿಚ್ಚಿಟ್ಟೆ. ಕೆಲಸದ ದಿನಗಳಲ್ಲಿ ಈಗಲೂ ಹಾಕುವುದಿಲ್ಲ. ತಾಳಿ ಸರ ಯೂನಿಫಾರ್ಮಿನ ಒಳಗಿರುತ್ತದೆ. ಮದುವೆ ಮನೆಗೆ ಹೋದಾಗ ಯಾರಾದರೂ ಬರಿಗೈ ನೋಡಿ ಕೇಳಿದರೆ ಕಾರಣ ಹೇಳುತ್ತೇನೆ.

ಕೈ ತೊಳೆಯುವುದಕ್ಕೂ ಒಂದು ಕ್ರಮವಿದೆ. ಬೆರಳ ತುದಿ ಯಾವಾಗಲೂ ಕೆಳಮುಖವಾಗಿರಬೇಕು, ಕೊಳೆ ನೀರು ಮೊಣಕೈ ಕಡೆ ಹರಿಯಬಾರದು. ಸೋಪು ಹಚ್ಚಿ ಕನಿಷ್ಠ 20 ಸೆಕೆಂಡ್ ಉಜ್ಜಬೇಕು. ಉಗುರನ್ನು ಇನ್ನೊಂದು ಅಂಗೈಗೆ ಉಜ್ಜಬೇಕು. ಸಿಂಕಿನ ಒಳಬದಿ ಮುಟ್ಟಬಾರದು. ಒರೆಸಿಕೊಂಡ ಮೇಲೆ ಬೇರೆ ಒಣ ಪೇಪರ್ ಟವಲ್ ತಗೊಂಡು ಅದರಿಂದ ನಲ್ಲಿ ನಿಲ್ಲಿಸಬೇಕು, ಯಾಕೆಂದರೆ ಆ ನಲ್ಲಿಯನ್ನು ಕೊಳೆ ಕೈಯಲ್ಲಿ ತಿರುಗಿಸಿದ್ದು ನಾವೇ. ತರಬೇತಿ ಮುಗಿದ ಮೇಲೆ ಬರೆಯುವ ರಾಜ್ಯದ ಪರೀಕ್ಷೆಯಲ್ಲಿ ಐದು ಕೆಲಸ ಮಾಡಿ ತೋರಿಸಬೇಕು. ಅದರಲ್ಲಿ ನಾಲ್ಕು ಯಾವುದು ಬರುತ್ತದೋ ಗೊತ್ತಿಲ್ಲ, ಕೈ ತೊಳೆಯುವುದು ಮಾತ್ರ ಇದ್ದೇ ಇರುತ್ತದೆ.

ಗ್ಲೌಸ್ ಬಗ್ಗೆ ಮೇಡಂ ಹೇಳಿದ ಮಾತು ಎಲ್ಲರೂ ತಿಳಿದಿರಬೇಕಾದದ್ದು. ಗ್ಲೌಸ್ ಹಾಕಿಕೊಂಡ ಮೇಲೆ ಕೈ ಶುದ್ಧ ಅನ್ನುವ ಭಾವನೆ ಬಂದುಬಿಡುತ್ತದೆ. ನಿಜ ಏನೆಂದರೆ, ಡೈಪರ್ ಬದಲಿಸಿದ ಗ್ಲೌಸ್‌ನಲ್ಲೇ ಹೊದಿಕೆ ಎಳೆದರೆ, ಮಂಚದ ಕಂಬಿ ಹಿಡಿದರೆ, ಕರೆಗಂಟೆಯ ಬಟನ್ ಸರಿಸಿಟ್ಟರೆ, ಅಲ್ಲೆಲ್ಲ ಮಲ ಅಂಟಿದ ಹಾಗೇ. ಆ ಬಟನ್ ಹಿಡಿದ ಅಜ್ಜಿ ಅದೇ ಕೈಯಲ್ಲಿ ಬಿಸ್ಕತ್ತು ತಿನ್ನುತ್ತಾರೆ. ಹಾಗಾಗಿ ಕೊಳಕು ಕೆಲಸ ಮುಗಿದ ಕೂಡಲೇ ಗ್ಲೌಸ್ ಬಿಚ್ಚಬೇಕು, ಕೈ ಶುಚಿ ಮಾಡಬೇಕು, ಹೊಸ ಗ್ಲೌಸ್ ಹಾಕಿ ಆಮೇಲೆ ಒಳ್ಳೆಯ ಬಟ್ಟೆ ಮುಟ್ಟಬೇಕು. ಒಬ್ಬರನ್ನು ನೋಡಿಕೊಳ್ಳುವಾಗಲೇ ಹೀಗೆ ಎರಡು ಮೂರು ಸಲ ಆಗುತ್ತದೆ. ಕೊಳೆಯಾದ ಬೆಡ್‌ಶೀಟನ್ನು ಒದರಬಾರದು, ನೆಲಕ್ಕೆ ಹಾಕಬಾರದು, ನಮ್ಮ ಮೈಗೆ ತಾಗಿಸಬಾರದು. ಒಳಕ್ಕೆ ಸುರುಳಿ ಸುತ್ತಿ ನೇರ ಚೀಲಕ್ಕೆ ಹಾಕಬೇಕು.

ಮೂತ್ರದ ಪೈಪ್ ಹಾಕಿದವರ ಆರೈಕೆ ಇನ್ನೂ ಸೂಕ್ಷ್ಮ. ಪೈಪು ಮೈಯಿಂದ ಹೊರಬರುವ ಜಾಗದಲ್ಲಿ ಎಳೆಯದ ಹಾಗೆ ಹಿಡಿದುಕೊಂಡು, ಅಲ್ಲಿಂದ ಹೊರಕ್ಕೆ ಕನಿಷ್ಠ ನಾಲ್ಕು ಇಂಚು, ಒಂದೇ ದಿಕ್ಕಿನಲ್ಲಿ ಒರೆಸಬೇಕು. ಹಿಂದಕ್ಕೂ ಮುಂದಕ್ಕೂ ಉಜ್ಜಿದರೆ ಕ್ರಿಮಿಯನ್ನು ನಾವೇ ಒಳಗೆ ತಳ್ಳಿದ ಹಾಗೆ. ಮೂತ್ರದ ಚೀಲ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗಿರಬೇಕು, ಇಲ್ಲದಿದ್ದರೆ ನಿಂತ ಮೂತ್ರ ವಾಪಸ್ ಒಳಗೆ ಹೋಗುತ್ತದೆ. ಹಾಗಂತ ಚೀಲ ನೆಲಕ್ಕೂ ತಾಗಬಾರದು. ಇದನ್ನು ಕಲಿತ ಹೊಸದರಲ್ಲೇ ಊರಿನಲ್ಲಿ ಮಾವನವರಿಗೆ ಪೈಪ್ ಹಾಕಿದರು. ಅವರನ್ನು ನೋಡಿಕೊಳ್ಳಲು ಬರುತ್ತಿದ್ದ ಹೆಂಗಸು ತುಂಬಾ ಅಕ್ಕರೆಯವರು. ಮಗ್ಗುಲು ತಿರುಗಿಸುವಾಗ ಎಳೆದಾಡದಿರಲಿ ಅಂತ ಚೀಲವನ್ನು ಎತ್ತಿ ಹಾಸಿಗೆ ಮೇಲೆ ಇಡುತ್ತಿದ್ದರು. ವಿಡಿಯೊ ಕಾಲ್‌ನಲ್ಲಿ ನೋಡಿ, "ಅಕ್ಕ, ಚೀಲ ಮಂಚದ ಪಟ್ಟಿಗೆ ನೇತುಹಾಕಿ, ಮೇಲೆ ಇಡಬೇಡಿ" ಅಂತ ಕಾರಣ ಬಿಡಿಸಿ ಹೇಳಿದೆ. "ಇದನ್ನ ಯಾರೂ ಹೇಳೇ ಇರಲಿಲ್ಲ ನೋಡಮ್ಮ" ಅಂದರು. ಅವರು ಎಷ್ಟೋ ಮನೆಗಳಲ್ಲಿ ಕೆಲಸ ಮಾಡಿದವರು. ಅಷ್ಟೂ ಕಡೆ ಯಾರೂ ಹೇಳಿರಲಿಲ್ಲ.

ಆಮೇಲೆ ನರ್ಸಿಂಗ್ ಹೋಂನ ಗಂಟೆಗಳು ಶುರುವಾದವು. ಬೆಳಗ್ಗೆ ಏಳಕ್ಕೆ ಮುಂಚೆ ಹಾಜರಿ. ಬಾಗಿಲ ಪಕ್ಕದಲ್ಲಿ ಅಂಟಿಸಿದ ಬಣ್ಣದ ಚೀಟಿ ನೋಡದೆ ಯಾವ ರೂಮಿಗೂ ಕಾಲಿಡಬಾರದು. ಅಲ್ಲಿ ನಾನು ಮೊದಲು ಕಂಡದ್ದು ಎನ್‌ಹಾನ್ಸ್ಡ್ ಬ್ಯಾರಿಯರ್ ಪ್ರಿಕಾಷನ್ಸ್, ಅಂದರೆ ಸೋಂಕು ದಾಟದಂತೆ ಹೆಚ್ಚಿನ ಎಚ್ಚರಿಕೆ ಅನ್ನುವ ಚೀಟಿ. 2024ರ ಏಪ್ರಿಲ್‌ನಿಂದ ಸರಕಾರ ಇದನ್ನು ನರ್ಸಿಂಗ್ ಹೋಂಗಳಲ್ಲಿ ಕಡ್ಡಾಯ ಮಾಡಿದೆ. ವಾಸಿಯಾಗದ ಗಾಯ ಇರುವವರು, ಮೂತ್ರದ ಪೈಪು, ಊಟದ ಪೈಪು ಇರುವವರು, ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾ ಮೈಮೇಲೆ ಇರುವವರು, ಇವರಿಗೆ ಇದು ಅನ್ವಯ. ಇವರಿಗೆ ಸ್ನಾನ ಮಾಡಿಸುವಾಗ, ಬಟ್ಟೆ ಹಾಕುವಾಗ, ಹಾಸಿಗೆಯಿಂದ ಕುರ್ಚಿಗೆ ಎತ್ತುವಾಗ, ಡೈಪರ್ ಅಥವಾ ಬೆಡ್‌ಶೀಟ್ ಬದಲಿಸುವಾಗ ನಾವು ಬಟ್ಟೆಯ ಮೇಲೆ ತೊಡುವ ಗೌನ್, ಗ್ಲೌಸ್ ಎರಡೂ ಹಾಕಬೇಕು. ಆದರೆ ಅವರನ್ನು ರೂಮಿನಲ್ಲಿ ಕೂಡಿ ಹಾಕುವಂತಿಲ್ಲ. ಅವರು ಎಲ್ಲರ ಜೊತೆ ಊಟಕ್ಕೆ ಬರಬಹುದು, ಹಾಡು ಕೇಳಲು ಬರಬಹುದು. ಮೈಗೆ ಮೈ ತಾಗುವ ಕೆಲಸ ಮಾಡುವ ನಮ್ಮ ಬಟ್ಟೆ, ಕೈ ಮೂಲಕ ಆ ಬ್ಯಾಕ್ಟೀರಿಯಾ ಮುಂದಿನ ರೂಮಿಗೆ ದಾಟದಿರಲಿ ಅನ್ನುವುದಷ್ಟೇ ಉದ್ದೇಶ.

ನಿಯಮ ಒಳ್ಳೆಯದು. ಆದರೆ ಹಾಸಿಗೆಯಲ್ಲಿ ಮಲಗಿದವರ ಕಣ್ಣಿಗೆ ಅದು ಹೇಗೆ ಕಾಣುತ್ತದೆ ಅನ್ನುವುದನ್ನೂ ಯೋಚಿಸಬೇಕು. ಒಬ್ಬರು ತಾತ ಹಳದಿ ಗೌನ್ ನೋಡಿ, "ನನ್ನನ್ನು ಮುಟ್ಟಲು ಅಷ್ಟು ಹೆದರಿಕೆಯಾ?" ಅಂತ ಕೇಳಿದರು. ಅದಕ್ಕೇ ನಾನು ಗೌನ್ ಹಾಕುವ ಮೊದಲೇ ಬಾಗಿಲಲ್ಲಿ ನಿಂತು ಮುಖ ತೋರಿಸಿ, ಹೆಸರು ಹೇಳಿ, ಇವತ್ತು ಏನು ಮಾಡುತ್ತೇವೆ ಅಂತ ಹೇಳುತ್ತೇನೆ. ಮಾಸ್ಕ್ ಹಾಕಬೇಕಾದ ರೂಮಾದರೆ ಇದು ಇನ್ನೂ ಮುಖ್ಯ. ಕಿವಿ ಮಂದವಾದವರು ನಮ್ಮ ತುಟಿ ನೋಡಿಯೇ ಮಾತು ತಿಳಿಯುತ್ತಾರೆ, ಮರೆವಿನ ಕಾಯಿಲೆ ಇರುವವರು ಮುಖ ಕಾಣದಿದ್ದರೆ ಹೆದರಿ ಕೈ ಬೀಸುತ್ತಾರೆ.

ಒಬ್ಬರು ಪಂಜಾಬಿ ಅಜ್ಜಿ ಇದ್ದರು. ಕಾಗದದ ಹಾಗಿರುವ ಒದ್ದೆ ವೈಪ್ಸ್‌ನಿಂದ ಒರೆಸಿದರೆ ಅವರಿಗೆ ಸಮಾಧಾನವೇ ಇಲ್ಲ. ಕೈ ತಳ್ಳುತ್ತಿದ್ದರು, ಅಳುತ್ತಿದ್ದರು. ಸಹಕರಿಸುವುದಿಲ್ಲ ಅಂತ ಸಿಬ್ಬಂದಿ ಅವರ ಬಗ್ಗೆ ಹೇಳುತ್ತಿದ್ದರು. ನನಗೆ ಕಾರಣ ಗೊತ್ತಾಯಿತು, ಯಾಕೆಂದರೆ ನಾನೂ ನೀರು ಬಳಸಿ ಬೆಳೆದವಳು. ನರ್ಸ್ ಹತ್ತಿರ ಕೇಳಿ, ಒತ್ತಿದರೆ ನೀರು ಬರುವ ಬಾಟಲಿಯಲ್ಲಿ ಉಗುರು ಬೆಚ್ಚಗಿನ ನೀರು ತುಂಬಿ, ಕೆಳಗೆ ಬೆಡ್‌ಪ್ಯಾನ್ ಇಟ್ಟು, ಮುಂದಿನಿಂದ ಹಿಂದಕ್ಕೆ ತೊಳೆದೆ. ಮೈ ಸಡಿಲ ಬಿಟ್ಟು ಮಲಗಿದರು. ಆಮೇಲೆ ಅವರ ಆರೈಕೆಯ ಪಟ್ಟಿಯಲ್ಲೇ ಅದನ್ನು ಸೇರಿಸಿದರು. ಚರ್ಮವೂ ಶುದ್ಧ, ಮನಸ್ಸಿಗೂ ನೆಮ್ಮದಿ.

ಸಿ ಡಿಫ್ ಅನ್ನುವ ಕರುಳಿನ ಸೋಂಕು ಬಂದವರ ರೂಮು ಬೇರೆಯೇ ಪಾಠ. ಆಂಟಿಬಯಾಟಿಕ್ ತಗೊಂಡ ವಯಸ್ಸಾದವರಿಗೆ ಇದು ಬರುವುದು ಜಾಸ್ತಿ. ನೀರಿನಂಥ ಭೇದಿ, ದಿನಕ್ಕೆ ಎಷ್ಟು ಸಲ ಅಂತ ಲೆಕ್ಕವೇ ಸಿಗದಷ್ಟು. ಈ ಬ್ಯಾಕ್ಟೀರಿಯಾ ಗಟ್ಟಿ ಕವಚದ ಬೀಜಕಣ ಮಾಡಿಕೊಂಡು ಮಂಚ, ಬಾಗಿಲ ಹಿಡಿ, ಕಮೋಡಿನ ಮೇಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಗೋಡೆಗೆ ನೇತುಹಾಕಿದ ಸ್ಯಾನಿಟೈಸರ್ ಇದನ್ನು ಕೊಲ್ಲುವುದಿಲ್ಲ. ಸೋಪು ನೀರಿನಲ್ಲಿ ಉಜ್ಜಿ ತೊಳೆದು ಹೋಗಲಾಡಿಸಬೇಕು. ಸಾಮಾನು ಒರೆಸಲು ಬ್ಲೀಚ್ ಇರುವ ವೈಪ್ಸ್ ಬೇಕು, ಒರೆಸಿದ ಜಾಗ ಡಬ್ಬಿಯ ಮೇಲೆ ಬರೆದಷ್ಟು ನಿಮಿಷ ಒದ್ದೆಯಾಗಿಯೇ ಇರಬೇಕು. ಸುಮ್ನೆ ಒಂದು ಸಲ ಒರೆಸಿ ಟಿಶ್ಯೂನಿಂದ ಒಣಗಿಸಿದರೆ ಮಾಡಿದ್ದು ವ್ಯರ್ಥ. ರೂಮಿನಿಂದ ಹೊರಬರುವಾಗ ಮೊದಲು ಗ್ಲೌಸ್, ಆಮೇಲೆ ಗೌನ್, ಅದನ್ನು ಒಳಮಗ್ಗುಲು ಹೊರಗೆ ಬರುವ ಹಾಗೆ ಮಡಚಿ ಅಲ್ಲೇ ಬುಟ್ಟಿಗೆ ಹಾಕಿ, ಸಿಂಕಿನತ್ತ ನಡೆಯಬೇಕು. ಗ್ಲೌಸ್ ಮೊದಲು ಬಿಚ್ಚುವುದು ಯಾಕೆಂದರೆ ಎಲ್ಲಕ್ಕಿಂತ ಕೊಳೆಯಾಗಿರುವುದು ಅದೇ.

ಈಗ ಸಮಯದ ಮಾತಿಗೆ ಬರುತ್ತೇನೆ. 2018ರ ಜುಲೈನಿಂದ ಕ್ಯಾಲಿಫೋರ್ನಿಯಾದಲ್ಲಿ ಒಂದು ಲೆಕ್ಕ ಇದೆ. ನರ್ಸಿಂಗ್ ಹೋಂನಲ್ಲಿರುವ ಒಬ್ಬೊಬ್ಬರಿಗೆ ದಿನಕ್ಕೆ ಒಟ್ಟು 3.5 ಗಂಟೆ ನೇರ ಆರೈಕೆ, ಅದರಲ್ಲಿ ಕನಿಷ್ಠ 2.4 ಗಂಟೆ ಸಿಎನ್‌ಎಗಳದ್ದು. 2.4 ಗಂಟೆ ಅಂದರೆ 144 ನಿಮಿಷ. ಅದು ಮೂರು ಪಾಳಿಗೆ ಹಂಚಿಹೋಗುತ್ತದೆ. ಆ ಕನಿಷ್ಠಕ್ಕೇ ನಿಂತರೆ, ಇಡೀ ದಿನದ ಸರಾಸರಿಯಲ್ಲಿ ಒಬ್ಬ ಸಿಎನ್‌ಎಗೆ ಹತ್ತು ಜನ. ಬೆಳಗಿನ ಪಾಳಿಯಲ್ಲಿ ಸ್ವಲ್ಪ ಕಡಿಮೆ, ರಾತ್ರಿ ಜಾಸ್ತಿ. ಯಾರಾದರೂ ರಜೆ ಹಾಕಿದರೆ ಅವರ ಪಾಲಿನವರೂ ನಮಗೇ. ಹಾಸಿಗೆ ಹಿಡಿದ ಒಬ್ಬರಿಗೆ ಗೌನ್ ಹಾಕಿಕೊಂಡು, ಮೈ ಒರೆಸಿ, ನಡುವೆ ಗ್ಲೌಸ್ ಬದಲಿಸಿ, ಬಟ್ಟೆ ಹಾಕಿ, ಮೈ ಎತ್ತುವ ಲಿಫ್ಟ್ ಯಂತ್ರದಲ್ಲಿ ಕುರ್ಚಿಗೆ ಕೂರಿಸಿ, ಎಲ್ಲ ಬಿಚ್ಚಿ ಕೈ ತೊಳೆದು ಬರಲು ಅರ್ಧ ಗಂಟೆ ಬೇಕು. ಎಂಟು ಜನ ಅಂದರೂ ನಾಲ್ಕು ಗಂಟೆ. ತಿಂಡಿಯ ಟ್ರಾಲಿ ಎಂಟಕ್ಕೆ ಬಂದುಬಿಡುತ್ತದೆ.

ಈ ಲೆಕ್ಕ ತಪ್ಪಿದಾಗ ಮೊದಲು ಬಿಟ್ಟುಹೋಗುವುದು ಕೈ ತೊಳೆಯುವುದೇ. ಅದು ಬಿಟ್ಟುಹೋದದ್ದು ಯಾರ ಕಣ್ಣಿಗೂ ಕಾಣುವುದಿಲ್ಲ. ಊಟ ತಡವಾದರೆ ದೂರು ಬರುತ್ತದೆ, ಗಂಟೆ ಒತ್ತಿದರೂ ಹೋಗದಿದ್ದರೆ ದೂರು ಬರುತ್ತದೆ. ತೊಳೆಯದ ಕೈಯ ಫಲ ಕೆಲವು ದಿನ ಬಿಟ್ಟು ಇನ್ಯಾರದ್ದೋ ಭೇದಿಯಾಗಿ ಕಾಣಿಸುತ್ತದೆ. ಆಗ ಎಲ್ಲರನ್ನೂ ಕೂರಿಸಿ ಮತ್ತೆ ಕೈ ತೊಳೆಯುವ ತರಗತಿ ನಡೆಸುತ್ತಾರೆ. ನನ್ನ ಜೊತೆಗಿದ್ದ ಹಳಬರಿಗೆ ಕೈ ತೊಳೆಯುವುದು ನನಗಿಂತ ಚೆನ್ನಾಗಿ ಗೊತ್ತು. ಅವರಿಗೆ ಬೇಕಾದದ್ದು ಇನ್ನೊಂದು ಜೊತೆ ಕೈ. 2024ರಲ್ಲಿ ಕೇಂದ್ರ ಸರಕಾರ ಇಡೀ ದೇಶಕ್ಕೆ ಇಂಥದ್ದೇ ಕನಿಷ್ಠ ಲೆಕ್ಕ ತರುವ ನಿಯಮ ಮಾಡಿತು. 2025ರಲ್ಲಿ ಟೆಕ್ಸಾಸ್‌ನ ಫೆಡರಲ್ ಕೋರ್ಟ್ ಅದನ್ನು ರದ್ದು ಮಾಡಿತು. ಆ ಸುದ್ದಿ ಓದಿದ ದಿನ ನನಗೆ ತುಂಬಾ ನೋವಾಯಿತು.

2020ರ ಫೆಬ್ರವರಿಯಲ್ಲಿ ವಾಷಿಂಗ್ಟನ್ ರಾಜ್ಯದ ಕರ್ಕ್‌ಲ್ಯಾಂಡ್‌ನ ನರ್ಸಿಂಗ್ ಹೋಂ ಒಂದರಲ್ಲಿ ಕೋವಿಡ್ ಹರಡಿದ್ದು ನಿಮಗೆ ನೆನಪಿರಬಹುದು. ಅಲ್ಲಿ ತನಿಖೆ ಮಾಡಿದವರು ಕಂಡ ಕಾರಣಗಳನ್ನು ನಮ್ಮ ಕ್ಲಾಸಿನಲ್ಲಿ ಓದಿಸಿದರು. ಕಾಯಿಲೆ ಲಕ್ಷಣ ಇದ್ದರೂ ಕೆಲಸಕ್ಕೆ ಬಂದ ಸಿಬ್ಬಂದಿ. ಒಂದಕ್ಕಿಂತ ಹೆಚ್ಚು ಕಡೆ ದುಡಿಯುತ್ತಿದ್ದ ಸಿಬ್ಬಂದಿ. ಗೌನ್, ಮಾಸ್ಕ್ ಬಳಸುವ ಕ್ರಮದ ಅರಿವಿನ ಕೊರತೆ. ಅವುಗಳದ್ದೇ ಕೊರತೆ. ಮೇಡಂ ಆ ವರ್ಷ ಒಂದೇ ಎನ್‌95 ಮಾಸ್ಕನ್ನು ಹೆಸರು ಬರೆದ ಕಾಗದದ ಚೀಲದಲ್ಲಿಟ್ಟು ದಿನಗಟ್ಟಲೆ ಬಳಸಿದ್ದನ್ನು ಹೇಳುತ್ತಾ ಸ್ವಲ್ಪ ಹೊತ್ತು ಮಾತು ನಿಲ್ಲಿಸಿದರು. ಎರಡು ಕಡೆ ದುಡಿಯುವುದು ಆಸೆಗಲ್ಲ, ಬಾಡಿಗೆ ಕಟ್ಟಲು. ಕ್ಯಾಲಿಫೋರ್ನಿಯಾದಲ್ಲಿ 2024ರಿಂದ ವರ್ಷಕ್ಕೆ ಕನಿಷ್ಠ ಐದು ದಿನ ಸಂಬಳ ಸಹಿತ ಕಾಯಿಲೆ ರಜೆ ಇದೆ. ಅದೂ ಸೋಂಕು ತಡೆಯುವ ಸಾಧನವೇ, ಗ್ಲೌಸ್ ಹಾಗೆಯೇ.

ಇನ್ನೊಂದು ವಿಷಯ. ವಯಸ್ಸಾದವರಿಗೆ ಸೋಂಕಾದರೆ ಜ್ವರ ಏರುವುದು ಕಡಿಮೆ. 100 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಸಾಕು, ನರ್ಸಿಂಗ್ ಹೋಂನಲ್ಲಿ ಜ್ವರ ಅಂತ ಗಣಿಸುತ್ತಾರೆ. ಎಷ್ಟೋ ಸಲ ಅದೂ ಇರುವುದಿಲ್ಲ. ದಿನಾ ಕಾಫಿ ಕೇಳುವವರು ಕೇಳಲಿಲ್ಲ, ನಿನ್ನೆ ನಿಂತವರು ಇವತ್ತು ನಿಲ್ಲಲಾರರು, ಯಾಕೋ ತುಂಬಾ ಮಂಪರು. ಇದನ್ನು ಮೊದಲು ಗಮನಿಸುವುದು ಸಿಎನ್‌ಎ. ಅದನ್ನು ಬರೆದುಕೊಡಲು ಸ್ಟಾಪ್ ಅಂಡ್ ವಾಚ್ ಅಂತ ಒಂದು ಪುಟದ ಫಾರಂ ಇದೆ. ಏನು ಕಾಯಿಲೆ ಅಂತ ನಾವು ಊಹಿಸಬಾರದು, ಕಂಡದ್ದನ್ನು ಕಂಡ ಹಾಗೆ ನರ್ಸ್‌ಗೆ ಹೇಳಬೇಕು. ಹಾಗೆ ಹೇಳಿದ ಮೇಲೆ ಒಬ್ಬರ ನ್ಯುಮೋನಿಯಾ ಬೇಗ ಸಿಕ್ಕಿತು. ಅವರು ವಾಪಸ್ ಎದ್ದು ಕೂತು ಕಾಫಿ ಕೇಳಿದಾಗ ಆದ ಸಂತೋಷ ಹೇಳಲು ಬರುವುದಿಲ್ಲ.

ಪರೀಕ್ಷೆ ಪಾಸಾಯಿತು, ಈಗ ಕೆಲಸ ಮಾಡುತ್ತಿದ್ದೇನೆ. ಎರಡು ವರ್ಷಕ್ಕೊಮ್ಮೆ ಸರ್ಟಿಫಿಕೇಟ್ ನವೀಕರಿಸಲು 48 ಗಂಟೆ ಪಾಠ ಕೇಳಿರಬೇಕು. ಇಲ್ಲಿರುವ ನಮ್ಮ ಕನ್ನಡದ ಹೆಣ್ಣುಮಕ್ಕಳು ಕೆಲವರು ಈ ಕೋರ್ಸಿನ ಬಗ್ಗೆ ಕೇಳುತ್ತಿರುತ್ತಾರೆ. ದುಡ್ಡಿನ ವಿಷಯ ತಿಳಿದಿರಿ: ನರ್ಸಿಂಗ್ ಹೋಂ ನಿಮ್ಮನ್ನು ಕೆಲಸಕ್ಕೆ ತಗೊಂಡು ತರಬೇತಿ ಕೊಡಿಸಿದರೆ ಅದರ ಖರ್ಚನ್ನು ನಿಮ್ಮ ಮೇಲೆ ಹಾಕುವಂತಿಲ್ಲ. ನೀವೇ ದುಡ್ಡು ಕಟ್ಟಿ ಕಲಿತು, ಮುಗಿಸಿದ 12 ತಿಂಗಳೊಳಗೆ ನರ್ಸಿಂಗ್ ಹೋಂನಲ್ಲಿ ಕೆಲಸಕ್ಕೆ ಸೇರಿದರೆ ಆ ಖರ್ಚು ವಾಪಸ್ ಕೇಳಲು ಕೇಂದ್ರದ ನಿಯಮದಲ್ಲಿ ದಾರಿಯಿದೆ. ಇಂಟರ್‌ವ್ಯೂನಲ್ಲಿ ಸಂಬಳದ ಜೊತೆ ಇನ್ನೆರಡು ಪ್ರಶ್ನೆ ಕೇಳಿ. ಬೆಳಗಿನ ಪಾಳಿಯಲ್ಲಿ ಒಬ್ಬ ಸಿಎನ್‌ಎಗೆ ಎಷ್ಟು ಜನ? ಯಾರಾದರೂ ರಜೆ ಹಾಕಿದರೆ ಅವರ ಜಾಗಕ್ಕೆ ಬೇರೆಯವರನ್ನು ಕರೆಸುತ್ತೀರಾ? ನಿಮ್ಮ ಅಪ್ಪ ಅಮ್ಮನನ್ನು ಅಂಥ ಕಡೆ ಸೇರಿಸುವ ಮುಂಚೆಯೂ ಇದನ್ನೇ ಕೇಳಿ.